ದಾದಾಪೀರನ ಪಾಲಿನ ಪುಟಗಳು

ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ
ಮಧ್ಯಾಹ್ನದಿಂದ ರಾತ್ರಿ ಎಂಟರ ತನಕ ನನ್ನ ಕೆಲಸ.
ತೀರ್ಪುಗಳು ಮೊದಲು ನನ್ನ ಅಂಗೈಗೆ ಬಂದದ್ದು
ಬಿಸಿಯಾಗಿ, ಆಗಷ್ಟೇ ಮಿಷನ್ನು ಹೆತ್ತ ಹಾಗೆ.
ಓದಲು ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು:
ಪುಟಕ್ಕೆ ಎರಡು ರೂಪಾಯಿ, ನ್ಯಾಯ ಎಷ್ಟೇ ಉದ್ದವಿರಲಿ.

ಬೆಳಿಗ್ಗೆ ಕಾಲೇಜು.
ಮೊದಲ ದಿನ ಮೇಷ್ಟ್ರು ಹಲಗೆಯ ಮೇಲೆ ಲ್ಯಾಟಿನ್ ಬರೆದರು,
ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು.
ಹಿಂದಿನ ಬೆಂಚಿನ ನಾಲ್ವರು
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಗೆಳೆತನ ಆದದ್ದು ಹಾಗೆ, ಅರ್ಥವಾಗದ್ದರಲ್ಲಿ.

ಕೊಟ್ರೇಶ ಹರಪನಹಳ್ಳಿ ಕಡೆಯವನು, ದಿನಾ ಬಸ್ಸು.
ವನಜಾಕ್ಷಿ ಜಗಳೂರಿನವಳು, ಹಾಸ್ಟೆಲ್ಲು.
ದಾದಾಪೀರ ದಾವಣಗೆರೆಯವನೇ, ಮಂಡಕ್ಕಿ ಭಟ್ಟಿ.

ಹಳೇ ಪುಸ್ತಕದಂಗಡಿಯಲ್ಲಿ ದಂಡ ಸಂಹಿತೆ, ಬೆನ್ನು ಬಿಟ್ಟದ್ದು.
ತಲೆಗೆ ನಲವತ್ತು ಹಾಕಿ ಕೊಂಡೆವು.
ಬಿಡಿಸಿದರೆ ತಾನಾಗಿ ನಾಲ್ಕು ಪಾಲಾಯಿತು:
ಕೊಟ್ರೇಶನಿಗೆ ವ್ಯಾಖ್ಯೆಗಳು, ವನಜಾಕ್ಷಿಗೆ ಸುಳ್ಳು ಸಾಕ್ಷಿ,
ದಾದಾಪೀರನಿಗೆ ಕೊಲೆ,
ನನಗೆ ಕಳ್ಳತನದಿಂದ ಮಾನಹಾನಿಯವರೆಗೆ.
ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಕಾನೂನು ಬೇಕೆಂದರೆ
ನಾಲ್ವರೂ ಒಂದು ಕಡೆ ಕೂಡಲೇಬೇಕು.

ಕೂಡುತ್ತಿದ್ದದ್ದು ಅವರ ಭಟ್ಟಿಯಲ್ಲಿ, ಅಕ್ಕಿ ಚೀಲಗಳ ಮೇಲೆ.
ಅವನ ಅಮ್ಮಿ ಚಹಾ ಕೊಟ್ಟು ಕೇಳುವಳು,
"ಇಷ್ಟು ಮಂದಿ ಕೂತು ಓದ್ತೀರಲ್ಲ, ಯಾರನ್ನ ಒಳಗೆ ಹಾಕ್ಸಾಕೆ?"
ರಾತ್ರಿ ಎರಡಕ್ಕೆ ಒಲೆ ಹತ್ತುವುದು.
ಹೊಟ್ಟಿನ ಬೆಂಕಿ, ಕಾದ ಮರಳು, ಒಂದು ಹಿಡಿ ಅಕ್ಕಿ,
ಮೂರು ಎಣಿಸುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗೆ.
ಜರಡಿ ಆಡಿಸುತ್ತಲೇ ದಾದಾಪೀರ ಒಪ್ಪಿಸುವನು:
ಕೊಲೆ ಯಾವುದು, ಕೊಲೆಯಲ್ಲದ ಹತ್ಯೆ ಯಾವುದು,
ನಡುವಿನ ಕೂದಲೆಳೆ ಎಲ್ಲಿ.
ಮೇಷ್ಟ್ರು ಎರಡು ವಾರ ಹೇಳಿದ್ದು
ಆ ಹೊಗೆಯಲ್ಲಿ, ಕನ್ನಡದಲ್ಲಿ, ನನಗೆ ಹೊಳೆಯಿತು.

ಅಣಕು ನ್ಯಾಯಾಲಯದ ದಿನ
ವನಜಾಕ್ಷಿಯ ಕೋಟು ತೊಟ್ಟಿದ್ದೆ, ತೋಳು ಉದ್ದ.
ಬಾಯಿಪಾಠದ ಇಂಗ್ಲಿಷು ಎರಡನೇ ವಾಕ್ಯಕ್ಕೆ ನಿಂತಿತು.
"ಸ್ವಾಮಿ..." ಅಂದುಬಿಟ್ಟೆ.
ಸಭೆ ನಕ್ಕಿತು. ಕೊಟ್ರೇಶನೂ ನಕ್ಕ.
ಉಳಿದವರ ನಗು ಮರೆತಿದ್ದೇನೆ.
ಸಂಜೆ ಅಂಗಡಿಗೆ ಬಂದು ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಇಟ್ಟು
ಏನೂ ಹೇಳದೆ ಬಸ್ಸಿಗೆ ಓಡಿದ.
ತಿಂದೆ, ನಿಜ.
ಕ್ಷಮಿಸಿದೆನೋ ಇಲ್ಲವೋ,
ತೀರ್ಪು ಇವತ್ತಿಗೂ ಕಾಯ್ದಿರಿಸಿದೆ.

ನಾಲ್ಕನೇ ಸೆಮಿಸ್ಟರಿನಲ್ಲಿ ದಾದಾಪೀರನ ಅಬ್ಬಾಗೆ ಉಸಿರು ಕಟ್ಟಿತು.
ಇಷ್ಟು ವರ್ಷದ ಹೊಗೆ ಎಲ್ಲೂ ಹೋಗಿರಲಿಲ್ಲ, ಒಳಗೇ ಕೂತಿತ್ತು.
ಮಗ ಬಾಣಲೆ ಮುಂದೆ ನಿಂತ.
ಅವನ ಹಾಜರಿ ನಾವು ಕೂಗಿದೆವು, ದಿನಕ್ಕೊಂದು ದನಿಯಲ್ಲಿ;
ಸಿಕ್ಕಿಬಿದ್ದದ್ದು ವನಜಾಕ್ಷಿ ಕೂಗಿದ ದಿನ.
ಎಪ್ಪತ್ತೈದಕ್ಕೆ ಹದಿನಾಲ್ಕು ಕಡಿಮೆ.
ಹೆಸರಿನ ಮೇಲೆ ಕೆಂಪು ಗೆರೆ ಎಳೆಯಲು
ಗುಮಾಸ್ತರು ಸ್ಕೇಲು ಕೂಡ ಹುಡುಕಲಿಲ್ಲ.

ಆ ಜುಲೈಯಲ್ಲೇ ಸಂಹಿತೆ ಬದಲಾಯಿತು.
ಮುನ್ನೂರ ಎರಡು ನೂರ ಮೂರಾಯಿತು,
ನಾನ್ನೂರ ಇಪ್ಪತ್ತು ಬೈಗುಳದಲ್ಲಷ್ಟೇ ಉಳಿಯಿತು.
ಕೊಟ್ರೇಶ ತನ್ನ ಪಾಲನ್ನು ರದ್ದಿಗೆ ಹಾಕಿದ.
ನಾನು ಭಟ್ಟಿಗೆ ಹೋಗಿ ಹೇಳಿದೆ:
"ನಿನ್ನ ಪುಟ ವಾಪಸ್ ಬೇಡ ಕಣೋ, ಆ ನಂಬರು ಈಗ ನಡೆಯಲ್ಲ."

ಅವನು ಮರಳು ತಿರುವುತ್ತಿದ್ದ, ತಲೆ ಎತ್ತಲಿಲ್ಲ.
"ಯಾರು ಹೇಳಿದ್ದು? ಹಿಂದಿನ ಕೊಲೆಗೆ ಹಿಂದಿನ ಸೆಕ್ಷನ್ನೇ.
ಆ ಕೇಸು ಮುಗಿಯಾಕೆ ಇನ್ನೂ ಇಪ್ಪತ್ತು ವರ್ಷ ಬೇಕು.
ನಾನೂ ಹಳೇ ಕೇಸೇ. ವಜಾ ಆಗಿಲ್ಲ, ಬಾಕಿ ಐತೆ."

ಗೋಡೆಯ ಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಪುಟಗಳು.
ಚೀಲ ಹೊಲಿಯುವ ದಬ್ಬಣದಿಂದ ಬೆನ್ನು ಹೊಲಿದಿದ್ದ,
ಸೆಣಬಿನ ದಾರ, ದಪ್ಪ ಹೊಲಿಗೆ.

ನನ್ನ ಬ್ಯಾಗಿನಲ್ಲಿ ಕಳ್ಳತನದಿಂದ ಮಾನಹಾನಿಯವರೆಗೆ ಇತ್ತು,
ಯಾಕೆಂದು ಗೊತ್ತಿಲ್ಲದೆ ದಿನಾ ಹೊತ್ತು ತಿರುಗುತ್ತಿದ್ದೆ.
ತೆಗೆದು ಕೊಟ್ಟೆ.
ಕೈ ಒರೆಸಿಕೊಂಡು ತೂಕ ನೋಡಿದ,
ಒಳಗೆ ತಿರುಗಿ ಕೂಗಿದ,
ಅಮ್ಮೀ, ದಬ್ಬಣ ಎಲ್ಲಿ?