ಅರ್ಧ ಇಂಚು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ,
ಮೀನಂಗಡಿ ದಾಟಿದರೆ ನನ್ನ ಹೊಲಿಗೆ ಮಷೀನು.
ಅಳತೆ ಪುಸ್ತಕ ಮುಂದಿನಿಂದ ಊರವರದು:
ಎದೆ, ಭುಜ, ತೋಳು, ಮುಂಗಡ ಇನ್ನೂರು.
ಹಿಂದಿನಿಂದ ನನ್ನದು.

ಅಲ್ಲಿ ಇಬ್ಬರು ಗಂಡಸರಿದ್ದಾರೆ.
ನಾನು ಹೆತ್ತವರಲ್ಲ. ಭಾನುವಾರದ ಧಾರಾವಾಹಿಯಿಂದ
ಯಾರನ್ನೂ ಕೇಳದೆ ಕರೆತಂದವರು:
ದೀಪಸ್ತಂಭ ಕಾಯುವ ನರೋನ್ಹ,
ಎಣ್ಣೆ ಡಬ್ಬ ಹೊರುವ ಭಾರ್ಗವ.
ಮೂವತ್ತು ಕಂತು ಒಂದೇ ಲೋಟದಲ್ಲಿ ಚಹಾ ಕುಡಿದರು,
ಆ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.
ಕ್ಯಾಮೆರಾ ಎಲ್ಲಿ ಅಲೆಗಳ ಕಡೆ ಮುಖ ತಿರುಗಿಸಿತೋ
ಅಲ್ಲಿಂದ ನನ್ನ ಪೆನ್ನು.

ಚಿಕ್ಕಮ್ಮನ ಮಗಳು ದೇಚು ಕದ್ದು ಓದಿದಳು.
"ಚೋಂದಕ್ಕ, ನೀನು... ಹಾಗಾ?"
ಹಾಗಾ ಅಂದರೆ ಹೇಗೆ? ಗಂಡಸಾ?
"ಅಲ್ಲ, ನಿನಗೆ..." ಕತ್ತರಿ ಎತ್ತಿಕೊಂಡು
ಬರಿಗಾಳಿಯನ್ನು ಎರಡು ಸಲ ಕತ್ತರಿಸಿದಳು.
"ಅಲ್ಲವಾದರೆ ಅವರ ಉಸಾಬರಿ ನಿನಗ್ಯಾಕೆ?
ಹೌದಾದರೂ, ಅವರು ಗಂಡಸರು."

ಸಮುದ್ರ ನಾನು ನೋಡಿದ್ದೇ ಒಂದು ಸಲ,
ಕಣ್ಣೂರಿನಲ್ಲಿ, ಸಾವಿಗೆಂದು ಹೋದಾಗ,
ಚಪ್ಪಲಿ ಕೈಯಲ್ಲಿ ಹಿಡಿದು, ಹತ್ತು ನಿಮಿಷ.
ಕಥೆ ತುಂಬ ಸಮುದ್ರವೇ.
ದೋಣಿ ಹತ್ತಿದ್ದೀಯಾ ಎಂದು ಯಾರೂ ಕೇಳಲಿಲ್ಲ.

ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಎಣಿಸುವ ನನ್ನ ಗಂಡ
ಎರಡು ಪುಟ ಓದಿ ಕನ್ನಡಕ ತೆಗೆದ:
"ಇದರಲ್ಲಿ ಒಬ್ಬ ನನ್ನ ಹಾಗೇ ಗೊರಕೆ ಹೊಡೀತಾನಲ್ಲ?"
ಹೌದು. ಅದೊಂದು ನಾನು ಚೆನ್ನಾಗಿ ಬಲ್ಲೆ.

ಇನ್ನೊಂದಿದೆ, ಹೇಳಲೋ ಬೇಡವೋ.
ವಿರಾಜಪೇಟೆ, ಸಿಸ್ಟರ್‌ಗಳ ಹಾಸ್ಟೆಲು, ಎಂಬತ್ತಾರನೇ ಇಸವಿ.
ಜೆಸಿಂತಾ ನನ್ನ ತಲೆಗೆ ಎಣ್ಣೆ ಹಚ್ಚುತ್ತ
ಕಿವಿಯ ಹಿಂದೆ ತನ್ನ ಬೆರಳನ್ನು
ಸ್ವಲ್ಪ ಹೊತ್ತು ಮರೆತಳು.
ಅಷ್ಟೇ.
ನಲವತ್ತು ವರ್ಷ ಅದಕ್ಕೆ ಹೆಸರಿಟ್ಟಿಲ್ಲ,
ಭಾರ್ಗವನ ಕಿವಿಯ ಹಿಂದೆ ಇಟ್ಟಿದ್ದೇನೆ.
ಇದು ಸಾಕ್ಷಿಯೋ, ಕಳವಿನ ಮಾಲೋ,
ದೇಚು ಕೇಳಿದ್ದಕ್ಕೆ ಉತ್ತರವೋ, ಗೊತ್ತಿಲ್ಲ.

ಈ ಮಾರ್ಚಿನಲ್ಲಿ ಹುದಿಕೇರಿ ಕಡೆಯ ಹುಡುಗ ಉತ್ತಯ್ಯ ಬಂದ.
ಕಪ್ಪು ಕುಪ್ಯ ಬೇಕು.
"ಮದುವೆ ನನ್ನದಲ್ಲ, ನಾನು ಬೋಜಕಾರ."
ಕೈ ಎತ್ತಿ ನಿಂತ. ಟೇಪು ಎದೆ ಸುತ್ತುವಾಗ
ಗೋಡೆಗೆ ಹೇಳುವಂತೆ ಹೇಳಿದ:
"ದೇಚು ಕೊಟ್ಟಳು. ಓದಿದೆ."
ಮೂವತ್ತೆಂಟು, ಎಂದೆ. ಬರೆದುಕೊಳ್ಳಲಿಲ್ಲ.
"ಲೋಟ ಸರಿ. ಆ ಕಿವಿ ಸರಿ, ನಿಮಗೆ ಹೇಗೆ ಗೊತ್ತಾಯ್ತೋ.
ಒಂದೇ ತಪ್ಪು ಅಕ್ಕ.
ನಿಮ್ಮ ಭಾರ್ಗವ ಮುಟ್ಟುವ ಮೊದಲು ಅವನ ಕಣ್ಣು ನೋಡ್ತಾನೆ.
ನಾವು ಮೊದಲು ಬಾಗಿಲು ನೋಡ್ತೇವೆ."

ನಾವು.
ಆ ಪದ ನೆಲಕ್ಕೆ ಬಿದ್ದ ಸೂಜಿ,
ಇಬ್ಬರೂ ಕಾಲು ಕದಲಿಸದೆ ನಿಂತೆವು.
ನಾನು ಕೇಳಲಿಲ್ಲ. ಅವನೂ ನನ್ನನ್ನು ಕೇಳಲಿಲ್ಲ.

ಆಮೇಲೆ ಹಿಂದಿನ ಪುಟ ತೆರೆದು ನೋಡುತ್ತೇನೆ:
ಅಲೆ ಇದೆ, ದೀಪ ಇದೆ, ನೂರಾ ಎಂಟು ಮೆಟ್ಟಿಲು ಎಣಿಸಿ ಇಟ್ಟಿದ್ದೇನೆ,
ದೀಪಸ್ತಂಭಕ್ಕೆ ಬಾಗಿಲನ್ನೇ ಇಟ್ಟಿಲ್ಲ.
ಹೆದರಿಕೆ ಎಷ್ಟು ಕಡಿಮೆ ಇತ್ತು ನನ್ನ ಪ್ರೀತಿಗೆ!

ಹೊರಡುವ ಮುಂಚೆ ಹುಡುಗ
ಹ್ಯಾಂಗರಿನಲ್ಲಿದ್ದ ಬಿಳಿ ಕುಪ್ಯದ ಎದುರು ನಿಂತ.
"ಮದುಮಗನದಾ? ಭುಜ ಎಷ್ಟು ಹಿಡಿದಿದ್ದೀರಿ?"
ಹದಿನೇಳೂವರೆ.
"ಹದಿನೆಂಟು," ಎಂದ. ಬಟ್ಟೆ ಮುಟ್ಟಲಿಲ್ಲ.
"ಇನ್ನೊಮ್ಮೆ ಅಳೆಯಿರಿ."

ಮೂವತ್ತು ವರ್ಷದ ಕೈ ನನ್ನದು.
ಮಧ್ಯಾಹ್ನವೆಲ್ಲ ಆ ಟೇಪಿನ ಮೇಲೆ ಸಿಟ್ಟು ಬಂತು.
ಸೋಮವಾರ ಮದುಮಗ ತೊಟ್ಟು ನೋಡಲು ಬಂದ,
ತೋಳು ಎತ್ತಿದ, ಹೆಗಲ ಹೊಲಿಗೆ ಸಣ್ಣಗೆ ಚುರುಗುಟ್ಟಿತು.
ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು
ಇನ್ನೊಮ್ಮೆ ಅಳೆದೆ.

ಹದಿನೆಂಟು.