ಮೊದಲು ಬೆಚ್ಚಗಾಗಲಿ

ಒತ್ತಬೇಡ, ತೆಮೂಲೆನ್, ಈಗಲೇ ಒತ್ತಬೇಡ.
ಹೊರಗೆ ಉಲಾನ್‌ಬಾತರಿನ ಹೊಗೆ, ಮೈನಸ್ ಮೂವತ್ತೊಂದು.
ಟ್ಯಾಕ್ಸಿಯ ಡಿಕ್ಕಿಯಲ್ಲಿ ಕಲ್ಲಿದ್ದಲ ಮೂಟೆಗೆ ಒರಗಿ
ಡೇರೆಮನೆಗಳ ಗುಡ್ಡದಿಂದ ಇಳಿದು ಬಂದಿದೆ ಇದು.
ನೋಡು, ತಗಡಿನ ಮೈಯೆಲ್ಲ ಬೆವರುತ್ತಿದೆ.
ಒಳಗೂ ಅಷ್ಟೇ ಬೆವರು, ನಮಗೆ ಕಾಣದ ಕಡೆ.
ಈಗ ಕರೆಂಟು ಕೊಟ್ಟರೆ
ಇಲ್ಲದ ರೋಗ ನಾವೇ ತಂದುಹಾಕಿದಂತೆ.
ಚಹಾಕ್ಕಿಡು. ಉಪ್ಪು ಮರೆಯಬೇಡ.
ಆಕೆಗೂ ಒಂದು ಬಟ್ಟಲು ಕೊಡು, ಕೂರಲಿ.

ದುಲಮ್‌ಸುರೇನ್ ಕೂರುವುದಿಲ್ಲ.
ಕೈಗವಸು ಬಿಚ್ಚುತ್ತಾಳೆ, ಹಾಕುತ್ತಾಳೆ, ಬಿಚ್ಚುತ್ತಾಳೆ.
ಹೊಸವರ್ಷಕ್ಕೆ ಇನ್ನು ಒಂಬತ್ತೇ ದಿನ.
ಹದಿನಾಲ್ಕು ನಿಲುವಂಗಿಗೆ ಒಪ್ಪಿ ಮುಂಗಡ ತಿಂದಾಗಿದೆ;
ಅಳತೆಗಳೆಲ್ಲ ಈ ಪೆಟ್ಟಿಗೆಯೊಳಗೆ:
ಯಾರದೋ ಹೆಗಲು, ಯಾರದೋ ತೋಳಿನುದ್ದ,
ಹೋದ ವರ್ಷಕ್ಕಿಂತ ಎರಡು ಬೆರಳು ಹಿಗ್ಗಿದ ಯಾರದೋ ಭಾವನ ಸೊಂಟ.
“ಸತ್ತಿದೆಯಾ?” ಎಂದಳು ಬಾಗಿಲಲ್ಲೇ ನಿಂತು.
“ಏಳುತ್ತಿಲ್ಲ” ಅಂದೆ. ಎರಡೂ ಒಂದಲ್ಲ.
ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದು ಹೆಚ್ಚೂಕಡಿಮೆ ಇಷ್ಟೇ.

ಎರಡು ತಾಸಾಯಿತು. ಬೆವರಾರಿತು. ಒತ್ತಿದೆವು: ಮೌನ.
ಮೊದಲು ತಂತಿ ಬದಲಿಸು, ನಾಚಿಕೆ ಬೇಡ.
ಹಿಂದೊಮ್ಮೆ ಅಂಚೆ ಕಚೇರಿಯ ಯಂತ್ರ ಕುಯ್ದು
ಮೂರು ದಿನ ಕೂತಿದ್ದೆ ನಾನು. ಮುರಿದದ್ದು ತಂತಿ.
ಇಲ್ಲ, ತಂತಿಯಲ್ಲ. ಹಾಗಾದರೆ ಬಿಚ್ಚು.
ಮಸಿ, ಫ್ಯಾನಿನ ರೆಕ್ಕೆ ರೆಕ್ಕೆಗೂ ಮಸಿ,
ಮಸಿಯೊಳಗೊಂದು ಕೆಂಪು ರೇಷ್ಮೆಯ ಎಳೆ.
ಬ್ರಶ್ಶಿನಲ್ಲಿ ಗುಡಿಸು. ಊದಬೇಡ, ಉಸಿರಲ್ಲಿ ನೀರಿದೆ.

ಪವರ್ ಸಪ್ಲೈ ಬೇರ್ಪಡಿಸಿ ಹಸಿರು ತಂತಿಯನ್ನು ಕಪ್ಪಿಗೆ
ಕಾಗದದ ಕ್ಲಿಪ್ಪಿನಿಂದ ಮುಟ್ಟಿಸು. ತಿರುಗಿತು.
ಮೀಟರಿಟ್ಟು ಓದು, ಗಟ್ಟಿಯಾಗಿ ಓದು:
ಹನ್ನೆರಡು. ಐದು. ಮೂರು ಪಾಯಿಂಟ್ ಮೂರು.
ಸರಿ, ಉಣಬಡಿಸುವವನಿಗೆ ಜೀವವಿದೆ.
ಕೆಪಾಸಿಟರುಗಳ ನೆತ್ತಿ ನೋಡು: ಯಾವುದೂ ಉಬ್ಬಿಲ್ಲ.
ಮೆಮೊರಿಯ ಚಿನ್ನದ ಹಲ್ಲುಜ್ಜು, ಶಾಲೆಮಕ್ಕಳ ರಬ್ಬರು ಸಾಕು.
ಒಂದೇ ಪಟ್ಟಿ ಹಾಕು. ಡಿಸ್ಕು ಬೇಡ, ಕಾರ್ಡು ಬೇಡ,
ಬೋರ್ಡನ್ನು ರಟ್ಟಿನ ಮೇಲೆ ಬರಿಮೈಯಲ್ಲಿ ಮಲಗಿಸು.
ಆಕೆಯತ್ತ ನೋಡಬೇಡ.
ತನ್ನ ಹೊಲಿಗೆಯನ್ನು ಇನ್ನೊಬ್ಬ ಬಿಚ್ಚುವುದು ಯಾರಿಗೂ ನೋಡಲಾಗದು.

ಈಗ ಸ್ಕ್ರೂಡ್ರೈವರಿನ ತುದಿ. ಆ ಎರಡು ಸೂಜಿ, ಹೌದು, ಅವೇ,
ಒಟ್ಟಿಗೆ ಮುಟ್ಟಿ ಬಿಡು. ಬಡಿದ ಹಾಗಲ್ಲ, ಸವರಿದ ಹಾಗೆ.

ಪೀಂ.

ಒಂದೇ ಸಲ, ಗಿಡ್ಡನೆಯ ಸದ್ದು.
ಆಕೆಯ ಕೈಗವಸು ನೆಲಕ್ಕೆ ಬಿತ್ತು.

ಹಿಗ್ಗಬೇಡ ಇನ್ನೂ. ಯಾಕೆ ಎದ್ದಿತೆಂದು ತಿಳಿಯದಿದ್ದರೆ
ನಾಳೆ ಮತ್ತೆ ಮಲಗೀತು.
ಒಂದು ಜೋಡಿಸಿ ಎಬ್ಬಿಸಿದೆವು, ಇನ್ನೊಂದು ಜೋಡಿಸಿ ಎಬ್ಬಿಸಿದೆವು,
ಪೆಟ್ಟಿಗೆಯೊಳಗಿಟ್ಟು ಮುಟ್ಟಿಸಿದೆವು: ಎದ್ದಿತು.
ಮುಂದಿನ ಗುಂಡಿ ಒತ್ತಿದೆವು: ಇಲ್ಲ.
ಮುಟ್ಟಿಸಿದರೆ ಉಂಟು. ಒತ್ತಿದರೆ ಇಲ್ಲ.
ತೆಮೂಲೆನ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಬಾಗಿಲ ಕರೆಗಂಟೆ ಕೆಟ್ಟಿತ್ತು, ಅಷ್ಟೇ.
ಮನೆಯವರೆಲ್ಲ ಒಳಗೆ ಎಚ್ಚರವೇ ಇದ್ದರು,
ಯಾರೂ ಬಂದಿಲ್ಲವೆಂದುಕೊಂಡು.

“ಗುಂಡಿಯಾ?” ಎಂದಳು ದುಲಮ್‌ಸುರೇನ್,
ಮೂವತ್ತು ವರ್ಷ ಗುಂಡಿ ಹೊಲಿದವಳು. “ಇಷ್ಟೆಲ್ಲ ಒಂದು ಗುಂಡಿಗಾ?”
ನಗು ಅರ್ಧಕ್ಕೆ ಸಿಕ್ಕಿ, ಚಹಾ ನೆತ್ತಿಗೇರಿತು.
ಹೊಸದು ಹಬ್ಬ ಮುಗಿವತನಕ ಸಿಗದು;
ರೀಸೆಟ್ಟಿನ ತಂತಿ ಕಿತ್ತು ಅಲ್ಲಿಗೆ ಸಿಕ್ಕಿಸಿದೆ.
“ಇನ್ನು ದೊಡ್ಡದು ಬೇಡ, ಕೆಳಗಿನ ಸಣ್ಣದನ್ನು ಒತ್ತಿ.”
ಒತ್ತಿದಳು. ಪರದೆಯ ಮೇಲೆ ಸಾಲಾಗಿ ಅಳತೆಗಳು.
ಭಾವನ ಸೊಂಟ: ನೂರಾ ನಾಲ್ಕು.

ಎಷ್ಟು ಕೇಳುವುದು ಒಂದು ಗುಂಡಿಗೆ?
ಅರ್ಧ ಹೇಳಿದೆ. ಪೂರ್ತಿ ಎಣಿಸಿಟ್ಟಳು.
ಆಮೇಲೆ ತೆಮೂಲೆನ್‌ನ ಕೋಟಿನತ್ತ ನೋಡಿ,
“ಇಲ್ಲಿ ಬಾ” ಎಂದು ಕಾಲರಿನಿಂದ ಸೂಜಿ ತೆಗೆದಳು.

ಹೊರಗೆ ಟ್ಯಾಕ್ಸಿಯವನು ಹಾರ್ನು ಒತ್ತುತ್ತಲೇ ಇದ್ದ.
ಪೆಟ್ಟಿಗೆಗೆ ಕಂಬಳಿ ಸುತ್ತಿ ಕೊಡುತ್ತ ಇನ್ನೊಮ್ಮೆ ಹೇಳಿದೆ:
ತಲುಪಿದ ಕೂಡಲೇ ಬೇಡ.
ಒಲೆಯ ಹತ್ತಿರ, ತೀರ ಹತ್ತಿರವಲ್ಲ, ಇಟ್ಟು ಕಾಯಿರಿ.