ದುಭಾಷಿ

ಕರೆಂಟು ಹೋಗಿದೆ. ಶಹಾಬಾದಿನ ಮೇ.
ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಹನ್ನೊಂದು ಪರ್ಸೆಂಟು.
ಎಂಟೇ ಗುರುತಿನ ಭಾಷೆಗೊಬ್ಬ
ನಲವತ್ತು ಸಾಲಿನ ದುಭಾಷಿ;
ಕಂಸದೊಳಗೆ ಹೊಕ್ಕವನು ಹೊರಗೆ ಬರುತ್ತಿಲ್ಲ,
ಸೊನ್ನೆಯ ಕೆಳಗೆ, ಇನ್ನೂ ಕೆಳಗೆ ಎಣಿಸುತ್ತಿದ್ದಾನೆ.

ಪಡಸಾಲೆಯ ಹಾಸುಗಲ್ಲುಗಳ ಮೇಲೆ ಬ್ಯಾಳಿ ಇಟ್ಟೆ:
ಈ ಕಲ್ಲಿಗೆ ಮೂರು, ಮುಂದಿನದಕ್ಕೆ ಏನೂ ಇಲ್ಲ.
ಪಕ್ಕದ ಮನೆಯ ಲಾಲಿಬಾಯಿ, ಎರಡನೇ ಕ್ಲಾಸು,
ನನ್ನ ಬಾಣದ ಗುರುತಾಗಿ ಕುಂಟುತ್ತಾಳೆ:
ಬಲಕ್ಕೊಂದು ಕಲ್ಲು, ಎಡಕ್ಕೊಂದು,
ಬಗ್ಗಿ ಒಂದು ಕಾಳು ಎತ್ತು, ಮತ್ತೆ ಹಿಂದಕ್ಕೆ ನಡೆ.
"ಯಾವಾಗ ನಿಂದರಲಿ?"
ಕಲ್ಲು ಖಾಲಿಯಾದಾಗ.
"ಮೊದಲೇ ಖಾಲಿ ಇದ್ದರ?"

ಒಂಬತ್ತು ಪರ್ಸೆಂಟು.
ಒಂದು ಸಾಲು ಸೇರಿಸಿದೆ: ಸೊನ್ನೆ ಕಂಡರೆ
ಹೊಸ್ತಿಲು ತುಳಿಯದೆ ಮುಂದಕ್ಕೆ ಹೋಗು.
ದುಭಾಷಿ ಬಾಯಿ ಬಿಟ್ಟ, ಒಂದೇ ಅಕ್ಷರ ಹೇಳಿದ.

ಒಳಗಿಂದ ಅವ್ವ: "ಸಾರಿಗಿ ಇಟ್ಟ ಬ್ಯಾಳಿ ಎಲ್ಲಿ ಹೋತು?"